ಹಗುರದ ಸೈಕಲ್ಲಾ, ಭಾರದ ಸೈಕಲ್ಲಾ? ದುಡ್ಡು ಕೊಡುವ ಮೊದಲು ನೋಡಬೇಕಾದದ್ದು

ಸೈಕಲ್ ಅಂಗಡಿಗೆ ಹೋದವರು ಮೊದಲು ಮಾಡುವ ಕೆಲಸ ಒಂದೇ. ಮೇಲಿನ ಪೈಪಿಗೆ ಕೈ ಹಾಕಿ ಎತ್ತಿ ನೋಡುತ್ತಾರೆ. ಸಲೀಸಾಗಿ ಮೇಲೆ ಬಂದರೆ ಮುಖ ಅರಳುತ್ತದೆ. ಬರದಿದ್ದರೆ ಪಕ್ಕದ್ದಕ್ಕೆ ಕೈ ಹಾಕುತ್ತಾರೆ. ಅಂಗಡಿಯವರಿಗೂ ಇದು ಚೆನ್ನಾಗಿ ಗೊತ್ತು, 'ಎತ್ತಿ ನೋಡಿ ಸಾರ್' ಅಂತ ಅವರೇ ಮುಂದೆ ಬರುತ್ತಾರೆ. ಹಗುರ ಇದ್ದರೆ ಒಳ್ಳೇ ಸೈಕಲ್, ಭಾರ ಇದ್ದರೆ ಕಳಪೆ ಅನ್ನೋದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ.

ಎತ್ತಿದಾಗ ಗೊತ್ತಾಗುವುದು ಒಟ್ಟು ಭಾರ ಮಾತ್ರ. ಆ ಭಾರ ಚಕ್ರದಲ್ಲಿದೆಯಾ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನಲ್ಲಿದೆಯಾ, ನಡುವಿನ ಫ್ರೇಮಿನಲ್ಲಿದೆಯಾ ಅಂತ ತಿಳಿಯುವುದಿಲ್ಲ. ಓಡಿಸುವಾಗ ಕೈಗೂ ಕಾಲಿಗೂ ತಟ್ಟುವುದು ಇದೇ. 14 ಕೆ.ಜಿ. ತೂಗುವ ಎರಡು ಬೇರೆ ಥರದ ಸೈಕಲ್ಲುಗಳನ್ನು ಒಂದರ ಹಿಂದೆ ಒಂದು ಓಡಿಸಿ ನೋಡಿ. ಒಂದು ಹೇಳಿದ ಮಾತು ಕೇಳುತ್ತದೆ, ಇನ್ನೊಂದನ್ನು ಎಳೆದುಕೊಂಡು ಹೋದ ಹಾಗೆ ಇರುತ್ತದೆ. ಹಾಗಾಗಿ ಎಷ್ಟು ಕೆ.ಜಿ. ಅಂತ ಕೇಳುವಾಗ ಇನ್ನೆರಡು ಪ್ರಶ್ನೆ ಸೇರಿಸಿಕೊಳ್ಳಿ. ಆ ಕೆ.ಜಿ. ಎಲ್ಲಿದೆ? ತುಳಿಯುವವರು ಎಷ್ಟು ಕೆ.ಜಿ. ಇದ್ದಾರೆ?

ಯಾವುದು ಎಷ್ಟು ತೂಗುತ್ತದೆ

ಹಾಲಿನವರು, ಎಳನೀರಿನವರು ಇಟ್ಟುಕೊಳ್ಳುವ ಕಪ್ಪು ಸ್ಟೀಲ್ ಸೈಕಲ್ ಕ್ಯಾರಿಯರ್, ಸ್ಟ್ಯಾಂಡು, ಚೈನ್ ಕವರ್ ಎಲ್ಲ ಸೇರಿ 20 ಕೆ.ಜಿ. ಆಸುಪಾಸು. ಮುಂದೆ ಶಾಕ್ (ಗುದ್ದು ತಡೆಯುವ ಸ್ಪ್ರಿಂಗ್) ಇರುವ, ಗಂಟುಗಂಟು ಟೈರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್, 15ರಿಂದ 17. ಎಂಟಿಬಿಗೂ ರೋಡ್ ಬೈಕಿಗೂ ನಡುವಿನ ಥರದ, ಶಾಕ್ ಇಲ್ಲದ ಅಲ್ಯೂಮಿನಿಯಂ ಹೈಬ್ರಿಡ್ 11ರಿಂದ 13. ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ 8ರಿಂದ 10. ದಪ್ಪ ಟೈರಿನ ಫ್ಯಾಟ್ ಬೈಕು, ಬ್ಯಾಟರಿ ಸೈಕಲ್ಲು ಕಪ್ಪು ಸೈಕಲ್ಲಿನ ಪಕ್ಕಕ್ಕೇ ಬಂದು ನಿಲ್ಲುತ್ತವೆ. ಅಂತರರಾಷ್ಟ್ರೀಯ ರೇಸಿನವರಂತೂ 6.8 ಕೆ.ಜಿ.ಗಿಂತ ಕಡಿಮೆ ಇಳಿಸುವಂತಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ರಿಂದ ಈ ಗೆರೆ ಎಳೆದಿದೆ.

ಕಪ್ಪು ಸೈಕಲ್ಲಿಗೂ ರೇಸ್ ಸೈಕಲ್ಲಿಗೂ 13 ಕೆ.ಜಿ. ವ್ಯತ್ಯಾಸ. ಕೇಳಿದರೆ ಮೂರು ಪಟ್ಟು ಅನ್ನಿಸುತ್ತದೆ, ನಿಜ. ಆದರೆ ಸೈಕಲ್ ಒಂದೇ ಓಡುವುದಿಲ್ಲ, ಮೇಲೆ ನೀವಿರುತ್ತೀರಿ. 70 ಕೆ.ಜಿ. ಮನುಷ್ಯ ಕೂತ ಮೇಲೆ ಲೆಕ್ಕ 90 ಮತ್ತು 77 ಆಗುತ್ತದೆ. ಮೂರು ಪಟ್ಟು ಇದ್ದದ್ದು ನೂರಕ್ಕೆ 14ಕ್ಕೆ ಇಳಿಯಿತು. ನೀವು ನಿಜವಾಗಿ ಹೋಲಿಸುತ್ತಿರುವುದು 14 ಕೆ.ಜಿ.ಯದ್ದಕ್ಕೂ 9 ಕೆ.ಜಿ.ಯದ್ದಕ್ಕೂ ಆದರೆ, ವ್ಯತ್ಯಾಸ ನೂರಕ್ಕೆ ಆರು ಮಾತ್ರ.

ಬ್ರಿಟನ್‌ನ ಅರಿವಳಿಕೆ ವೈದ್ಯರೊಬ್ಬರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಅವರ ಹತ್ತಿರ 13.5 ಕೆ.ಜಿ.ಯ ಹಳೇ ಸ್ಟೀಲ್ ಸೈಕಲ್ ಇತ್ತು, 50 ಪೌಂಡ್ ಕೊಟ್ಟು ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಜೊತೆಗೆ 1,000 ಪೌಂಡ್‌ನ, 9.5 ಕೆ.ಜಿ.ಯ ಕಾರ್ಬನ್ ಫೈಬರ್ ಫ್ರೇಮಿನ ಸೈಕಲ್. ದಿನಾ ಬೆಳಿಗ್ಗೆ ನಾಣ್ಯ ಚಿಮ್ಮಿ, ಬಿದ್ದ ಕಡೆಯ ಸೈಕಲ್ ಹತ್ತಿ ಶೆಫೀಲ್ಡ್‌ನಿಂದ ಚೆಸ್ಟರ್‌ಫೀಲ್ಡ್‌ನ ಆಸ್ಪತ್ರೆಗೆ ಹೋಗಿ ಬಂದರು. ಹೋಗಿ ಬರಲು 43.5 ಕಿ.ಮೀ. ಇಂಥ 56 ದಿನಗಳ ಲೆಕ್ಕ ಹಾಕಿದಾಗ ಸ್ಟೀಲ್ ಸೈಕಲ್ಲಿನ ಸರಾಸರಿ 1 ಗಂಟೆ 47 ನಿಮಿಷ 48 ಸೆಕೆಂಡು, ಕಾರ್ಬನ್ನಿನದು 1 ಗಂಟೆ 48 ನಿಮಿಷ 21 ಸೆಕೆಂಡು ಬಂತು. ಅಂದರೆ ವ್ಯತ್ಯಾಸವೇ ಇಲ್ಲ. 2010ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಅಚ್ಚಾಯಿತು. ಒಬ್ಬರೇ ಸವಾರ, ಒಂದೇ ದಾರಿ, ಹಾಗಾಗಿ ಎಲ್ಲರಿಗೂ ಇದೇ ಕೊನೇ ಮಾತು ಅಂತ ನಾನು ಹೇಳುವುದಿಲ್ಲ. ಆದರೆ ಆಫೀಸಿಗೆ ಹೋಗಿ ಬರಲು ಸೈಕಲ್ ಹುಡುಕುತ್ತಿರುವವರು ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಸಾವಿರಾರು ರೂಪಾಯಿ ಉಳಿಯುತ್ತದೆ.

ಏರಿನಲ್ಲಿ, ಸಮದಲ್ಲಿ, ಸಿಗ್ನಲ್ಲಿನಲ್ಲಿ

ಭಾರ ಮರೆಮಾಚಲು ಆಗದ ಜಾಗ ಒಂದೇ, ಏರು. ನಂದಿ ಬೆಟ್ಟವನ್ನೇ ತಗೊಳ್ಳಿ. ಬುಡದಿಂದ ಸುಮಾರು ಏಳೂವರೆ ಕಿ.ಮೀ. ದಾರಿ, 400 ಮೀಟರ್ ಆಸುಪಾಸು ಎತ್ತರ. 70 ಕೆ.ಜಿ.ಯವರು 14 ಕೆ.ಜಿ. ಸೈಕಲ್ಲಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಹತ್ತುತ್ತಾರೆ ಅಂದುಕೊಳ್ಳಿ. ಅದೇ ಟೈರು, ಅದೇ ಗೇರು, ಅದೇ ಶಕ್ತಿ ಹಾಕಿ 9 ಕೆ.ಜಿ.ಯದರಲ್ಲಿ ಹತ್ತಿದರೆ ಎರಡು ನಿಮಿಷ ಚಿಲ್ಲರೆ ಉಳಿಯುತ್ತದೆ. ರೇಸಿನವರಿಗೆ ಎರಡು ನಿಮಿಷ ಅಂದರೆ ಗೆಲುವು ಸೋಲಿನ ಪ್ರಶ್ನೆ. ಭಾನುವಾರ ಬೆಳಿಗ್ಗೆ ಹತ್ತಿ, ಮೇಲೆ ಟೀ ಕುಡಿದು ಇಳಿಯುವವರಿಗೆ ಎರಡು ನಿಮಿಷ ಅಂದರೆ ಏನೂ ಅಲ್ಲ.

ಹಾಗಾದರೆ ಎಷ್ಟೋ ಜನ ಎಂಟಿಬಿಯಲ್ಲಿ ನಂದಿ ಹತ್ತಲಾಗದೆ ಅರ್ಧಕ್ಕೇ ಇಳಿದು ತಳ್ಳುವುದು ಯಾಕೆ? ಕೆಲವರಿಗೆ ಗೇರ್ ಸಾಲುವುದಿಲ್ಲ. ಇನ್ನು ಕೆಲವರಿಗೆ ಸೀಟು ತಗ್ಗಾಗಿರುತ್ತದೆ, ಮೊಣಕಾಲು ಪೂರ್ತಿ ಚಾಚುವುದೇ ಇಲ್ಲ. ಹೆಚ್ಚಿನವರದು ಟೈರಿನ ಸಮಸ್ಯೆ. ಮೂವತ್ತು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯ ಗಂಟು ಟೈರು ಡಾಂಬರಿಗೆ ಅಂಟಿಕೊಂಡೇ ಉರುಳುತ್ತದೆ. ಬೈಯಿಸಿಕೊಳ್ಳುವುದು ಮಾತ್ರ ಸೈಕಲ್ಲಿನ ಭಾರ.

ಸಮತಟ್ಟು ರಸ್ತೆಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ ಸೈಕಲ್ 5 ಕೆ.ಜಿ. ಜಾಸ್ತಿ ತೂಗಿದರೆ ನೀವು ಹೆಚ್ಚಿಗೆ ಹಾಕಬೇಕಾದದ್ದು ಸುಮಾರು ಎರಡು ವ್ಯಾಟ್ ಶಕ್ತಿ. ಕಾಲಿಗೆ ಗೊತ್ತೇ ಆಗುವುದಿಲ್ಲ. ಅದೇ ವೇಗದಲ್ಲಿ ನುಣುಪು ಟೈರಿನ ಬದಲು ಗಂಟು ಟೈರು ಇದ್ದರೆ 20, 30 ವ್ಯಾಟ್ ಸುಮ್ನೆ ರಸ್ತೆಗೆ ಸುರಿದ ಹಾಗೆ. ಮಿಕ್ಕಿದ್ದನ್ನೆಲ್ಲ ತಿನ್ನುವುದು ಗಾಳಿ. ಚಿತ್ರದುರ್ಗದ ಹತ್ತಿರ ಗಾಳಿಯಂತ್ರಗಳು ಕಾಣುವ ಹೆದ್ದಾರಿಯಲ್ಲಿ ಎದುರು ಗಾಳಿಗೆ ಸಿಕ್ಕಿಕೊಂಡವರನ್ನು ಕೇಳಿ. ಆಗ ಸೈಕಲ್ಲಿನ ತೂಕ ಯಾರಿಗೂ ನೆನಪಾಗುವುದಿಲ್ಲ, ಬೆನ್ನು ಎಷ್ಟು ಬಗ್ಗಿಸಬಹುದು ಅನ್ನೋದೊಂದೇ ಯೋಚನೆ.

ಬೆಂಗಳೂರಿನವರು ಇಲ್ಲೊಂದು ಮಾತು ಹೇಳುತ್ತಾರೆ. 'ನಮ್ಮಲ್ಲಿ ನಿಂತು ನಿಂತು ಹೊರಡಬೇಕಲ್ವಾ, ಹಗುರ ಇದ್ದರೆ ಬೇಗ ಎತ್ತಿಕೊಳ್ಳುತ್ತೆ.' ಸರಿ, ಲೆಕ್ಕ ಹಾಕೋಣ. ದಾರಿಯಲ್ಲಿ ನಲವತ್ತು ಸಲ ನಿಂತು, ಪ್ರತಿ ಸಲವೂ 25 ಕಿ.ಮೀ. ವೇಗಕ್ಕೆ ಏರಿದಿರಿ ಅನ್ನೋಣ. ಆ 5 ಕೆ.ಜಿ.ಯಿಂದ ಹೆಚ್ಚಾಗುವ ಕೆಲಸವೆಲ್ಲ ಸೇರಿದರೆ, ನೀವು ಸೈಕಲ್ ಸಮೇತ ಆರು ಮೀಟರ್ ಎತ್ತರ ಹತ್ತಿದಷ್ಟು. ಎರಡು ಮಹಡಿ. ಇಡೀ ಸವಾರಿಗೆ ಅಷ್ಟೇ.

ಇಷ್ಟು ಕಡಿಮೆ ಅಂತ ಲೆಕ್ಕ ಹೇಳಿದರೂ, ಸಿಗ್ನಲ್ ಬಿಟ್ಟಾಗ ಒಂದು ಸೈಕಲ್ ಚಿಮ್ಮುತ್ತದೆ, ಇನ್ನೊಂದು ಗೊಣಗುತ್ತದೆ. ಇದು ಬರೀ ಮನಸ್ಸಿನ ಭಾವನೆ ಖಂಡಿತ ಅಲ್ಲ. ಕಾರಣ ಬೇರೆ ಕಡೆ ಇದೆ.

ಚಕ್ರದ ಅಂಚಿನ ಅರ್ಧ ಕೆ.ಜಿ.

ಫ್ರೇಮಿನಲ್ಲಿರುವ ಭಾರ ಮುಂದಕ್ಕೆ ಮಾತ್ರ ಹೋಗುತ್ತದೆ. ಚಕ್ರದ ಅಂಚಿನಲ್ಲಿರುವ ಭಾರ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ಅದಕ್ಕೆ ಟೈರು, ಟ್ಯೂಬು, ರಿಮ್ಮಿನಲ್ಲಿರುವ ಅರ್ಧ ಕೆ.ಜಿ.ಯನ್ನು ವೇಗಕ್ಕೆ ತರಲು ಫ್ರೇಮಿನ ಒಂದು ಕೆ.ಜಿ.ಗೆ ಬೇಕಾಗುವಷ್ಟು ಶಕ್ತಿ ಬೇಕು. ಬೀಸುವ ಕಲ್ಲು ತಿರುಗಿಸಿದವರಿಗೆ ಇದು ಗೊತ್ತು, ಮೊದಲ ಸುತ್ತಿಗೆ ರಟ್ಟೆ ಬೇಕು, ಆಮೇಲೆ ಅದೇ ಕೈಯನ್ನು ಎಳೆದುಕೊಂಡು ಹೋಗುತ್ತದೆ.

ಸಾಮಾನ್ಯ ಎಂಟಿಬಿಯ 26 ಇಂಚಿನ ಗಂಟು ಟೈರು, ತಂತಿ ಅಂಚಿನದು, 700ರಿಂದ 800 ಗ್ರಾಂ ಇರುತ್ತದೆ. ಟ್ಯೂಬು ಸೇರಿದರೆ ಒಂದು ಚಕ್ರಕ್ಕೆ ಒಂದು ಕೆ.ಜಿ. ಹತ್ತಿರ. ಒಳ್ಳೇ ರೋಡ್ ಬೈಕಿನ 28 ಮಿ.ಮೀ. ಟೈರು, ಟ್ಯೂಬು ಎರಡೂ ಸೇರಿ 400 ಗ್ರಾಂ. ಎರಡು ಚಕ್ರಕ್ಕೆ ಒಂದು ಕೆ.ಜಿ.ಗಿಂತ ಜಾಸ್ತಿ ವ್ಯತ್ಯಾಸ ಬಂತು. ಅದೂ ಎರಡು ಪಟ್ಟು ಲೆಕ್ಕಕ್ಕೆ ಬರುವ ಜಾಗದಲ್ಲಿ. ಇದರ ಮೇಲೆ ಗಂಟುಗಳ ಎಳೆತ ಬೇರೆ. ಅಂಗಡಿಯಲ್ಲಿ ಎತ್ತಿ ನೋಡಿದಾಗ ಈ ಒಂದು ಕೆ.ಜಿ.ಗೆ ಬೇರೆ ಗುರುತೇ ಇರುವುದಿಲ್ಲ.

ಮನೆಯಲ್ಲಿ ಈಗಾಗಲೇ ಎಂಟಿಬಿ ಇದ್ದರೆ ಒಂದು ಕೆಲಸ ಮಾಡಿ ನೋಡಿ. ಗಂಟು ಟೈರು ಬಿಚ್ಚಿಸಿ, ಅದೇ ಅಳತೆಯ ರಿಮ್ಮಿಗೆ ಕೂರುವ ಒಂದೂವರೆ ಇಂಚಿನ ನುಣುಪು ಟೈರು ಹಾಕಿಸಿ, ಟೈರಿನ ಪಕ್ಕದಲ್ಲಿ ಬರೆದಿರುವಷ್ಟು ಗಾಳಿ ಹೊಡೆಸಿ. ಸೈಕಲ್ ತೂಕ ಇಳಿಯುವುದು ಒಂದು ಕೆ.ಜಿ.ಯೊಳಗೆ. ಓಡಿಸುವವರು ಮಾತ್ರ 'ಬೇರೆ ಸೈಕಲ್ ಥರ ಇದೆ' ಅನ್ನುತ್ತಾರೆ. ಹೊಸ ಸೈಕಲ್ ತಗೊಳ್ಳುವ ಮಾತು ಎಷ್ಟೋ ಮನೆಗಳಲ್ಲಿ ಇಲ್ಲಿಗೇ ನಿಲ್ಲುತ್ತದೆ.

ಭಾರದ ಚಕ್ರಕ್ಕೂ ಒಂದು ಗುಣವಿದೆ, ಅದನ್ನು ಮುಚ್ಚಿಡಬಾರದು. ವೇಗ ಬಂದ ಮೇಲೆ ಅದು ಹಿಡಿದ ದಾರಿ ಬಿಡುವುದಿಲ್ಲ. ಕಪ್ಪು ಸೈಕಲ್ಲಿನ 28 ಇಂಚಿನ ಸ್ಟೀಲ್ ರಿಮ್ಮು ಉದ್ದನೆಯ ಹಳ್ಳಿ ರಸ್ತೆಯಲ್ಲಿ ಒಂದೇ ಲಯದಲ್ಲಿ ಉರುಳುವ ಸುಖವೇ ಬೇರೆ. ನಿಲ್ಲಿಸದೆ ತುಳಿಯುವ ದಾರಿ ನಿಮ್ಮದಾದರೆ ಚಕ್ರದ ಭಾರದಿಂದ ಕಳೆದುಕೊಳ್ಳುವುದು ಕಡಿಮೆ.

ಮುಂಭಾಗ ಹಗುರವಾಗಿದ್ದರೆ

ನಮ್ಮ ರಸ್ತೆಗಳಿಗೆ ಶಾಕ್ ಬೇಕೇಬೇಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನನ್ನ ಪ್ರಕಾರ ಊರೊಳಗೆ ಓಡಿಸುವವರಿಗೆ ಕಡಿಮೆ ಬೆಲೆಯ ಶಾಕ್ ಫೋರ್ಕಿನಷ್ಟು ನಷ್ಟದ ವ್ಯಾಪಾರ ಇನ್ನೊಂದಿಲ್ಲ. ಸ್ಪ್ರಿಂಗ್ ಇರುವ ಅಗ್ಗದ ಫೋರ್ಕು ಎರಡೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಶಾಕ್ ಇಲ್ಲದ ಗಟ್ಟಿ ಫೋರ್ಕು ಒಂದು ಕೆ.ಜಿ. ಆಗಬಹುದು. ಆ ಒಂದೂವರೆ ಕೆ.ಜಿ. ಕೂತಿರುವುದು ಸೈಕಲ್ಲಿನ ಮೂತಿಯಲ್ಲಿ.

ಇದರ ಪರಿಣಾಮ ಗುಂಡಿ ಬಂದಾಗ ಗೊತ್ತಾಗುತ್ತದೆ. ಓಡಿಸಿ ಪಳಗಿದವರು ಗುಂಡಿ ಹತ್ತಿರ ಬಂದ ಕೂಡಲೇ ಹ್ಯಾಂಡಲ್ ಸ್ವಲ್ಪ ಮೇಲಕ್ಕೆಳೆದು, ಮುಂದಿನ ಚಕ್ರವನ್ನು ಅಂಚಿನ ಮೇಲೆ ದಾಟಿಸುತ್ತಾರೆ. ಹಿಂದಿನ ಚಕ್ರ ಬರುವಷ್ಟರಲ್ಲಿ ಸೀಟಿನಿಂದ ಎದ್ದಿರುತ್ತಾರೆ. ಹಗುರ ಫೋರ್ಕಿನ ಸೈಕಲ್ಲಿನಲ್ಲಿ ಇದಕ್ಕೆ ಎರಡು ಬೆರಳಿನ ಬಲ ಸಾಕು. ಭಾರದ ಶಾಕಿನಲ್ಲಿ ಎಳೆದರೆ ಮೊದಲು ಸ್ಪ್ರಿಂಗ್ ಉದ್ದವಾಗುತ್ತದೆ, ಚಕ್ರ ನೆಲದಲ್ಲೇ ಇರುತ್ತದೆ. ಆಮೇಲೆ ಎತ್ತುವ ಹೊತ್ತಿಗೆ ಗುಂಡಿ ಬಂದೇ ಬಿಟ್ಟಿರುತ್ತದೆ. ಎದ್ದು ನಿಂತು ತುಳಿದರೆ ಶಾಕ್ ಮೇಲೆ ಕೆಳಗೆ ಕುಣಿದು ನಿಮ್ಮ ಶಕ್ತಿಯಲ್ಲಿ ಒಂದು ಪಾಲು ನುಂಗುತ್ತದೆ. ಒಳ್ಳೇ ಶಾಕ್ ಬೇಕಾಗುವುದು ಕಾಡುದಾರಿ, ಕಲ್ಲುದಾರಿಯಲ್ಲಿ ಓಡಿಸುವವರಿಗೆ, ಅದರ ಬೆಲೆಯೂ ಹಾಗೇ ಇರುತ್ತದೆ. ರಸ್ತೆಯ ಗುಂಡಿ, ಹಂಪುಗಳಿಗೆ ಅಗಲವಾದ ಟೈರು ಸಾಕು. 38ರಿಂದ 45 ಮಿ.ಮೀ. ಟೈರಿನಲ್ಲಿ ಹದವಾಗಿ ಗಾಳಿ ಇದ್ದರೆ ಮಣಿಕಟ್ಟಿಗೆ ಸಿಗುವ ಸುಖ ಅಗ್ಗದ ಶಾಕಿಗಿಂತ ಮೇಲು.

ಭಾರದ ಸೈಕಲ್ ಮೆತ್ತಗೆ ಹೋಗುತ್ತದೆ ಅನ್ನುವವರೂ ಇದ್ದಾರೆ. ಸಣ್ಣ ಜಲ್ಲಿಯ ಮೇಲೆ ಭಾರದ್ದು ಕಡಿಮೆ ಪುಟಿಯುತ್ತದೆ, ಅಷ್ಟು ನಿಜ. ಅದಕ್ಕಾಗಿ ಐದು ಕೆ.ಜಿ. ಹೊರುವ ಬದಲು ಟೈರು ಒಂದು ಅಳತೆ ದಪ್ಪ ತಗೊಂಡರೆ ಕೆಲಸ ಮುಗಿಯುತ್ತದೆ.

ತಿರುವಿನಲ್ಲಿ ಏನಾಗುತ್ತದೆ

ಭಾರದ ಸೈಕಲ್ ಸ್ಥಿರ, ಹಗುರದ್ದು ಅಲ್ಲಾಡುತ್ತದೆ ಅನ್ನೋ ಮಾತು ನೀವೂ ಕೇಳಿರುತ್ತೀರಿ. ಕೈ ಸುಳ್ಳು ಹೇಳುತ್ತಿಲ್ಲ, ಕಾರಣ ಮಾತ್ರ ತೂಕವಲ್ಲ. ಕಪ್ಪು ಸೈಕಲ್ಲನ್ನು ಪಕ್ಕದಿಂದ ನೋಡಿ. ಮುಂದಿನ ಪೈಪು ಹಿಂದಕ್ಕೆ ಚೆನ್ನಾಗಿ ಒರಗಿರುತ್ತದೆ, ಫೋರ್ಕು ಮುಂದಕ್ಕೆ ಬಾಗಿರುತ್ತದೆ, ಎರಡು ಚಕ್ರಗಳ ನಡುವೆ ಒಂದು ಮೀಟರಿಗಿಂತ ಸಾಕಷ್ಟು ಜಾಸ್ತಿ ಅಂತರ. ರೋಡ್ ಬೈಕಿನಲ್ಲಿ ಆ ಪೈಪು ಹೆಚ್ಚುಕಡಿಮೆ ನೆಟ್ಟಗೆ, 73 ಡಿಗ್ರಿ ಆಸುಪಾಸು ಇರುತ್ತದೆ. ಚಕ್ರಗಳ ಅಂತರ ಒಂದು ಮೀಟರಿನೊಳಗೆ. ಮೊದಲನೆಯದು ನಿಧಾನಕ್ಕೆ ತಿರುಗಲೆಂದೇ ಮಾಡಿದ್ದು, ಎರಡನೆಯದು ಬೇಗ ತಿರುಗಲೆಂದು. ಕಪ್ಪು ಸೈಕಲ್ಲಿನ ಅಳತೆಯಲ್ಲೇ ಅಲ್ಯೂಮಿನಿಯಂ ಸೈಕಲ್ ಕಟ್ಟಿದರೆ ಅದೂ ನಿಧಾನಕ್ಕೇ ತಿರುಗುತ್ತದೆ.

ತಿರುವಿನಲ್ಲಿ ಸೈಕಲ್ ಎಷ್ಟು ವಾಲಬೇಕು ಅನ್ನೋದು ವೇಗ ಮತ್ತು ತಿರುವಿನ ಬಿಗಿಯ ಮೇಲೆ ನಿಂತಿದೆ. ತೂಕ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ 8 ಕೆ.ಜಿ.ಯದ್ದೂ 18 ಕೆ.ಜಿ.ಯದ್ದೂ ಒಂದೇ ವೇಗಕ್ಕೆ ಒಂದೇ ಕೋನದಲ್ಲಿ ವಾಲುತ್ತವೆ. ನೆಲ ಹಿಡಿಯುವುದು ಟೈರು.

ಸೈಕಲ್ ಬೀಳದೆ ನಿಲ್ಲುವುದು ಸುತ್ತುವ ಚಕ್ರದ ಬಲದಿಂದ ಅಂತ ತುಂಬ ಕಾಲ ಹೇಳುತ್ತಿದ್ದರು. 2011ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಚಿಕ್ಕ ಚಕ್ರಗಳ ಒಂದು ಸೈಕಲ್ ಮಾಡಿ, ಉಲ್ಟಾ ಸುತ್ತುವ ಇನ್ನೆರಡು ಚಕ್ರ ಜೋಡಿಸಿ, ಸುತ್ತುವ ಬಲವನ್ನು ಪೂರ್ತಿ ಹೊಡೆದುಹಾಕಿದ್ದರು. ಮುಂದಿನ ಚಕ್ರ ತಾನಾಗಿ ನೇರವಾಗುವಂತೆ ಮಾಡುವ ಅಳತೆಯನ್ನೂ ತೆಗೆದಿದ್ದರು. ಆದರೂ ಆ ಸೈಕಲ್, ಮೇಲೆ ಯಾರೂ ಇಲ್ಲದೆ, ತಳ್ಳಿಬಿಟ್ಟರೆ ತಾನೇ ನೆಟ್ಟಗೆ ಓಡಿತು. ಯಾಕೆಂದರೆ ಮುಂಭಾಗದ ಭಾರವನ್ನು ಅವರು ತಗ್ಗಿನಲ್ಲಿ, ಮುಂದಕ್ಕೆ ಇಟ್ಟಿದ್ದರು. ವಾಲಿದ ಕೂಡಲೇ ಹ್ಯಾಂಡಲ್ ಆ ಕಡೆಗೇ ತಿರುಗಿ ಸೈಕಲ್ಲನ್ನು ಎತ್ತಿ ನಿಲ್ಲಿಸುತ್ತಿತ್ತು. ಭಾರ ಇಡುವ ಜಾಗಕ್ಕೆ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ದಿನನಿತ್ಯದಲ್ಲಿ ಇದನ್ನು ನಮ್ಮ ಹಾಲಿನವರಿಂದ ಕಲಿಯಬೇಕು. ಎರಡು ಕ್ಯಾನು, ಹಿಂದಿನ ಚಕ್ರದ ಎರಡೂ ಪಕ್ಕ, ಆದಷ್ಟು ತಗ್ಗಿನಲ್ಲಿ ತೂಗುಹಾಕಿರುತ್ತಾರೆ. ಅಷ್ಟು ಭಾರ ಹೊತ್ತರೂ ಸೈಕಲ್ ನೇರವಾಗಿ ಹೋಗುತ್ತದೆ. ಅದೇ ಭಾರವನ್ನು ಕ್ಯಾರಿಯರ್ ಮೇಲೆ ಎತ್ತರಕ್ಕೆ ಕಟ್ಟಿದರೆ ಹಿಂಭಾಗ ಬಾಲ ಆಡಿಸಿದಂತೆ ಆಡುತ್ತದೆ. ಹ್ಯಾಂಡಲ್‌ಗೆ ಸಿಕ್ಕಿಸುವ ಬುಟ್ಟಿಯಲ್ಲಿ ಎರಡು ಕೆ.ಜಿ. ತರಕಾರಿ ಇಟ್ಟರೂ ಪ್ರತಿ ತಿರುವಿನಲ್ಲಿ ಆ ಎರಡು ಕೆ.ಜಿ.ಯನ್ನೂ ತಿರುಗಿಸಬೇಕು. ಲ್ಯಾಪ್‌ಟಾಪ್ ಹೊತ್ತು ಆಫೀಸಿಗೆ ಹೋಗುವವರು ಹಗುರ ಸೈಕಲ್ಲಿಗೆ ಹತ್ತು ಸಾವಿರ ಜಾಸ್ತಿ ಕೊಡುವ ಮೊದಲು, ಕ್ಯಾರಿಯರ್ ಪಕ್ಕಕ್ಕೆ ತೂಗುಹಾಕುವ ಬ್ಯಾಗು ತಗೊಂಡು ನೋಡಿ. ಬೆನ್ನು ಬೆವರುವುದೂ ನಿಲ್ಲುತ್ತದೆ.

'ಸೈಕಲ್ ಎರಡು ಕೆ.ಜಿ. ಇಳಿಸೋ ಬದಲು ಹೊಟ್ಟೆ ಎರಡು ಕೆ.ಜಿ. ಇಳಿಸಿ' ಅಂತ ಸಲಹೆ ಕೊಡುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಏರಿನ ಮಟ್ಟಿಗೆ ಅವರ ಲೆಕ್ಕ ಸರಿ. ಆದರೆ ಮೈ ಬೇರೆ, ಸೈಕಲ್ ಬೇರೆ. ಎದ್ದು ನಿಂತು ತುಳಿಯುವಾಗ ಮೈ ನಡುವಿನಲ್ಲಿ ಇರುತ್ತದೆ, ಎಡಕ್ಕೆ ಬಲಕ್ಕೆ ಬೀಸುವುದು ಸೈಕಲ್. ಗುಂಡಿ ದಾಟಿಸುವಾಗ ಎತ್ತುವುದೂ ಸೈಕಲ್ಲನ್ನೇ. ಓಡಿಸುವ ಸುಖದ ಲೆಕ್ಕಕ್ಕೆ ಬಂದರೆ ಸೈಕಲ್ಲಿನ ಎರಡು ಕೆ.ಜಿ.ಗೆ ಬೆಲೆ ಜಾಸ್ತಿ.

ಯಾರಿಗೆ ಯಾವುದು

ಊರೊಳಗೆ ಹತ್ತು ಹದಿನೈದು ಕಿ.ಮೀ. ಓಡಾಡುವವರಿಗೆ, ವಾರಕ್ಕೊಮ್ಮೆ ಹೊರಗೆ ಹೋಗಬೇಕು ಅನ್ನುವವರಿಗೆ, 11ರಿಂದ 13 ಕೆ.ಜಿ.ಯ ಶಾಕ್ ಇಲ್ಲದ ಹೈಬ್ರಿಡ್ ಸಾಕು. ಕಣ್ಣು ಮುಚ್ಚಿ ಹೇಳಬಲ್ಲೆ. ಶಾಕ್ ಇರುವ ಹೈಬ್ರಿಡ್ಡನ್ನು ಅದೇ ಬೆಲೆಗೆ ತೋರಿಸಿದರೆ ಬೇಡ ಅನ್ನಿ. ಅದೇ ಬೆಲೆಯಲ್ಲಿ ಶಾಕ್ ಕೊಡಲು ಬ್ರೇಕಿನಲ್ಲೋ ಚಕ್ರದಲ್ಲೋ ಗೇರಿನಲ್ಲೋ ಕೈ ಬಿಗಿ ಹಿಡಿದಿರುತ್ತಾರೆ.

ರೋಡ್ ಬೈಕು ದೂರ ಹೋಗುವವರಿಗೆ, ಏರು ಇಷ್ಟಪಡುವವರಿಗೆ. ಅಲ್ಲೂ ಅಲ್ಯೂಮಿನಿಯಂನ 10 ಕೆ.ಜಿ.ಯಿಂದ ಕಾರ್ಬನ್ನಿನ 8 ಕೆ.ಜಿ.ಗೆ ಹೋಗಲು ಬೆಲೆ ದುಪ್ಪಟ್ಟು ದಾಟುತ್ತದೆ. ಆ ಎರಡು ಕೆ.ಜಿ.ಯಿಂದ ನಂದಿಯಲ್ಲಿ ಉಳಿಯುವುದು ಸುಮಾರು ಒಂದು ನಿಮಿಷ. ಬದಲಿಗೆ 10 ಕೆ.ಜಿ.ಯದ್ದಕ್ಕೆ ಒಳ್ಳೇ ಟೈರು, ಆಮೇಲೆ ಹಗುರ ಚಕ್ರ ಹಾಕಿಸಿ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರ ಹಾಗೆ ರಾಷ್ಟ್ರೀಯ ಮಟ್ಟದಲ್ಲಿ ರೇಸ್ ಓಡುವವರ ಮಾತು ಬೇರೆ, ಅವರಿಗೆ ಪ್ರತಿ ಗ್ರಾಂ ಕೂಡ ಬೇಕು.

ಕಪ್ಪು ಸೈಕಲ್ಲನ್ನು ನಾನು ತಳ್ಳಿಹಾಕುವುದಿಲ್ಲ. ಸಮತಟ್ಟಾದ ಊರು, ದಿನಾ ಹೊರೆ, ಕಡಿಮೆ ಖರ್ಚು, ಎಲ್ಲಿ ಕೆಟ್ಟರೂ ರಿಪೇರಿ, ಇಷ್ಟು ಬೇಕಾದವರಿಗೆ ಅದನ್ನು ಮೀರಿಸಿದ್ದು ಇಲ್ಲ. ಒಂದೇ ಎಚ್ಚರಿಕೆ. ಸ್ಟೀಲ್ ರಿಮ್ಮು ಒದ್ದೆಯಾದರೆ ಕಡ್ಡಿ ಬ್ರೇಕು ಹಿಡಿಯುವುದೇ ಇಲ್ಲ ಅನ್ನುವಷ್ಟು ಜಾರುತ್ತದೆ. ಮಲೆನಾಡಿನ ಮಳೆಗಾಲದ ಇಳಿಜಾರಿಗೆ ಅದನ್ನು ತಗೊಂಡು ಹೋಗಬೇಡಿ. ಭಾರದ ಸೈಕಲ್ಲಿಗೆ ಬ್ರೇಕ್ ಇನ್ನೂ ಚೆನ್ನಾಗಿರಬೇಕು. ನಮ್ಮಲ್ಲಿ ಅತಿ ಭಾರದ ಸೈಕಲ್ಲಿಗೇ ಅತಿ ದುರ್ಬಲ ಬ್ರೇಕು ಸಿಗುತ್ತಿದೆ, ಇದು ಬೇಜಾರಿನ ಸಂಗತಿ.

ಬ್ಯಾಟರಿ ಸೈಕಲ್ 22, 23 ಕೆ.ಜಿ. ಇದ್ದರೂ ಮೋಟರ್ ಓಡುತ್ತಿರುವವರೆಗೆ ಭಾರ ಗೊತ್ತಾಗುವುದಿಲ್ಲ. 250 ವ್ಯಾಟ್, 25 ಕಿ.ಮೀ. ಮಿತಿಯೊಳಗಿನವಕ್ಕೆ ಲೈಸೆನ್ಸೂ ಬೇಡ. ನೋಡಬೇಕಾದದ್ದು ಬ್ಯಾಟರಿ ಇರುವ ಜಾಗ. ನಡುವಿನ ಪೈಪಿನಲ್ಲಿ ತಗ್ಗಾಗಿದ್ದರೆ ಸರಿ, ಕ್ಯಾರಿಯರ್ ಮೇಲೆ ಇದ್ದರೆ ತಿರುವಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಮನೆ ಇದ್ದರೆ, ಬ್ಯಾಟರಿ ಕಳಚಿ ಮೇಲಕ್ಕೆ ಒಯ್ಯಲು ಬರುತ್ತದಾ ಅಂತ ಮೊದಲೇ ಕೇಳಿ.

ಫ್ಯಾಟ್ ಬೈಕು ಮರಳಿಗೂ ಹಿಮಕ್ಕೂ ಹುಟ್ಟಿದ್ದು. ನಾಲ್ಕು ಇಂಚಿನ ಟೈರು ಒಂದೊಂದೂ ಒಂದು ಕೆ.ಜಿ. ದಾಟುತ್ತದೆ. ಗಾಳಿ ಕಡಿಮೆಯಾದರೆ ಹ್ಯಾಂಡಲ್ ತನ್ನಷ್ಟಕ್ಕೇ ಎಳೆಯುತ್ತದೆ. ಡಾಂಬರಿನ ಮೇಲೆ ಅದರಿಂದ ಏನೂ ಉಪಯೋಗವಿಲ್ಲ.

ಚಿಕ್ಕವರಿಗೆ, ತೆಳ್ಳಗಿರುವವರಿಗೆ

ಇಲ್ಲಿಯವರೆಗೆ ಹೇಳಿದ್ದೆಲ್ಲ 70 ಕೆ.ಜಿ. ಮನುಷ್ಯನ ಲೆಕ್ಕ. ತುಳಿಯುವವರ ತೂಕ ಇಳಿದ ಹಾಗೆ ಸೈಕಲ್ಲಿನ ತೂಕಕ್ಕೆ ಬೆಲೆ ಏರುತ್ತದೆ. 17 ಕೆ.ಜಿ.ಯ ಸೈಕಲ್ ಬಿಟ್ಟು 11 ಕೆ.ಜಿ.ಯದ್ದು ತಗೊಂಡರೆ 80 ಕೆ.ಜಿ.ಯವರಿಗೆ ಒಟ್ಟು ಭಾರದಲ್ಲಿ ನೂರಕ್ಕೆ ಆರರಷ್ಟು ಇಳಿಯುತ್ತದೆ. 45 ಕೆ.ಜಿ.ಯ ಹುಡುಗಿಗೆ ಹೆಚ್ಚುಕಡಿಮೆ ಹತ್ತರಷ್ಟು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೈಕಲ್ ತಗೊಳ್ಳುವಾಗ 'ನಿನಗೆ ಸಾಧಾರಣದ್ದು ಸಾಕು' ಅಂತ ಹಗುರದ್ದನ್ನು ಗಂಡಸರೇ ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಲೆಕ್ಕದ ಪ್ರಕಾರ ಅದು ತಿರುವುಮುರುವು. ಹಗುರದ್ದು ಬೇಕಾದದ್ದು ಹೆಂಡತಿಗೆ.

ಮಕ್ಕಳದು ಇನ್ನೂ ದೊಡ್ಡ ಅನ್ಯಾಯ. ಏಳು ವರ್ಷದ ಮಗು 22 ಕೆ.ಜಿ. ಇರುತ್ತದೆ. ಅದಕ್ಕೆ ಕೊಡಿಸುವ ಸೈಕಲ್ಲಿಗೆ ಸ್ಟೀಲ್ ಫ್ರೇಮು, ಮುಂದೆ ಶಾಕು, ದಪ್ಪ ಟೈರು, ಬುಟ್ಟಿ, ಪಕ್ಕದ ಚಕ್ರ ಎಲ್ಲ ಸೇರಿ 13 ಕೆ.ಜಿ. ಆಗುವುದು ಮಾಮೂಲು. 70 ಕೆ.ಜಿ.ಯ ಅಪ್ಪ 41 ಕೆ.ಜಿ.ಯ ಸೈಕಲ್ ತುಳಿದ ಹಾಗಾಯಿತು! ಅಪ್ಪ ತುಳಿಯುತ್ತಾರಾ? ಅಪಾರ್ಟ್‌ಮೆಂಟಿನ ರ‍್ಯಾಂಪಿನಲ್ಲಿ ಮಗು ಸೀಟಿನಿಂದ ಎದ್ದು, ಪೆಡಲ್ ಮೇಲೆ ಇಡೀ ಮೈ ಹೇರಿದರೂ ಸೈಕಲ್ ಮುಂದಕ್ಕೆ ಹೋಗದೆ ನಿಲ್ಲುತ್ತದೆ. ಕಾಲು ಕೆಳಗಿಟ್ಟರೆ ಸೈಕಲ್ ಹಿಂದಕ್ಕೆ ಜಾರುತ್ತದೆ, ಹಿಡಿದುಕೊಳ್ಳಲು ಬಲ ಸಾಲುವುದಿಲ್ಲ. ಆಮೇಲೆ 'ನಮ್ಮ ಮಗುಗೆ ಸೈಕಲ್ ಮೇಲೆ ಆಸಕ್ತಿನೇ ಇಲ್ಲ' ಅನ್ನುತ್ತಾರೆ.

ಮಕ್ಕಳ ಸೈಕಲ್ಲಿಗೆ ಶಾಕ್ ಬೇಡ, 22 ಕೆ.ಜಿ.ಯ ಮೈಗೆ ಆ ಸ್ಪ್ರಿಂಗ್ ಕುಗ್ಗುವುದೇ ಇಲ್ಲ. ದಪ್ಪ ಟೈರು ಬೇಡ. ಅಲಂಕಾರಕ್ಕೆ ಹಾಕಿದ ಪ್ಲಾಸ್ಟಿಕ್ಕು, ಪೈಪು ಎಲ್ಲ ಬಿಚ್ಚಿಸಿ. ಅಲ್ಯೂಮಿನಿಯಂ ಫ್ರೇಮಿನ, ಮಗುವಿನ ತೂಕದ ಮೂರನೇ ಒಂದು ಪಾಲಿನ ಹತ್ತಿರ ಇರುವ ಸೈಕಲ್ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ. ಮಗು ಬೆಳೆದ ಮೇಲೆ ಅಂಥ ಸೈಕಲ್ಲಿಗೆ ಒಳ್ಳೇ ಬೆಲೆಯೂ ಬರುತ್ತದೆ. ಮುಂದಕ್ಕೂ ಆಗಲಿ ಅಂತ ದೊಡ್ಡ ಅಳತೆ ಕೊಡಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಭಾರವೂ ಜಾಸ್ತಿ, ಕಾಲೂ ಎಟುಕುವುದಿಲ್ಲ.

ನಮ್ಮ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಎಷ್ಟೋ ಹುಡುಗಿಯರು ಪಕ್ಕದ ಊರಿನ ಹೈಸ್ಕೂಲಿಗೆ ಹೋಗುವಂತಾದದ್ದು ಆ ಸೈಕಲ್ಲಿನಿಂದ. ಅವು ಸ್ಟೀಲಿನವು, ಗೇರ್ ಇಲ್ಲದವು. ಬಯಲುಸೀಮೆಯ ಸಮತಟ್ಟು ದಾರಿಗೆ ಹೊಂದಿದವು. ಮಲೆನಾಡಿನ ಏರುತಗ್ಗಿಗೆ ಅದೇ ಸೈಕಲ್ ಅಷ್ಟು ಹೊಂದುವುದಿಲ್ಲ. ಇಂಥ ಯೋಜನೆಗಳಿಗೆ ಸೈಕಲ್ ಆರಿಸುವವರು ದಾರಿ ಮತ್ತು ಮಕ್ಕಳ ತೂಕ ಎರಡನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅಂತ ನನ್ನ ಆಸೆ.

ಅಂಗಡಿಯಲ್ಲಿ

ಎರಡು ಸೈಕಲ್ ಹೋಲಿಸುವ ಮೊದಲು ಎರಡಕ್ಕೂ ಸರಿಯಾಗಿ ಗಾಳಿ ಹೊಡೆಸಿ. ಅಂಗಡಿಯಲ್ಲಿ ನಿಂತ ಸೈಕಲ್ಲಿನಲ್ಲಿ ಅರ್ಧ ಗಾಳಿ ಇರುತ್ತದೆ, ಹಾಗೇ ಓಡಿಸಿದರೆ ನೀವು ಹೋಲಿಸುವುದು ಗಾಳಿಯನ್ನು. ಸೀಟು ನಿಮ್ಮ ಎತ್ತರಕ್ಕೆ ಏರಿಸಿಕೊಳ್ಳಿ. ಒಟ್ಟಿಗೆ ಎತ್ತುವ ಬದಲು ಮೊದಲು ಹ್ಯಾಂಡಲ್ ಹಿಡಿದು ಮುಂಭಾಗ, ಆಮೇಲೆ ಸೀಟು ಹಿಡಿದು ಹಿಂಭಾಗ, ಬೇರೆ ಬೇರೆ ಎತ್ತಿ. ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಜೋರಾಗಿ ಸುತ್ತಿಸಿ ಹ್ಯಾಂಡಲ್ ತಿರುಗಿಸಿ, ಚಕ್ರದ ಭಾರ ಅಂಗೈಗೆ ತಿಳಿಯುತ್ತದೆ. ಆಮೇಲೆ ಓಡಿಸಿ: ಒಂದು ಹಂಪು, ಒಂದು ಸಣ್ಣ ಏರು, ಪೂರ್ತಿ ನಿಂತು ಮತ್ತೆ ಹೊರಡುವುದು, ನಡಿಗೆಯ ವೇಗದಲ್ಲಿ ಒಂದು ಯೂ-ಟರ್ನ್. ನಿಮ್ಮ ಬ್ಯಾಗನ್ನೂ ಹಾಕಿಕೊಂಡೇ ಓಡಿಸಿ. ಹೊರಗೆ ಓಡಿಸಲು ಕೊಡುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ.